250 ಆಂಪಿಯರ್ ಮೆಷಿನ್, 16 ಆಂಪಿಯರ್ ಪ್ಲಗ್ಗು

ಓದುಗರ ಪ್ರಶ್ನೆ: "ನಮ್ಮ ಮನೆ ಉಡುಪಿ ಹತ್ತಿರದ ಕಟಪಾಡಿ ಕಡೆ, ಕಡಲಿಗೆ ಒಂದೂವರೆ ಕಿಲೋಮೀಟರ್. ಗೇಟಿನ ಕೆಳಗಿನ ಬಿಜಾಗರಿ ಬಿಟ್ಟಿದೆ. ಕಿಟಕಿ ಗ್ರಿಲ್ಲಿನ ಬುಡವನ್ನು ತುಕ್ಕು ತಿಂದಿದೆ. ಹಟ್ಟಿಗೊಬ್ಬರ ಸಾಗಿಸುವ ಕೈಗಾಡಿಯ ಕಾಲು ಮುರಿದಿದೆ. ಬಾವಿಯ ರಾಟೆ ತೂಗುಹಾಕಿದ ಕಬ್ಬಿಣವೂ ಅಲ್ಲಾಡುತ್ತಿದೆ. ವೆಲ್ಡಿಂಗ್‌ನವರು 'ನಾಳೆ ಬರ್ತೇನೆ' ಅಂತ ಹೇಳಿ ಮೂರು ವಾರ ಆಯಿತು. ನಾನು ನಿವೃತ್ತ, ಸಮಯ ಉಂಟು. ಆನ್‌ಲೈನಿನಲ್ಲಿ 250 ಆಂಪಿಯರ್‌ನ ಇನ್ವರ್ಟರ್ ವೆಲ್ಡಿಂಗ್ ಮೆಷಿನ್ ಐದೂವರೆ ಸಾವಿರಕ್ಕೆ ಕಾಣಿಸುತ್ತಿದೆ, ಜೊತೆಗೆ ಮುಖಕ್ಕೆ ಹಿಡಿಯುವ ಶೀಲ್ಡ್ ಫ್ರೀ. ಗ್ಯಾಸ್ ಬೇಡದ ಮಿಗ್ (ತಂತಿಯಿಂದ ಬೆಸೆಯುವ ಮೆಷಿನ್) ತಗೋ ಅಂತ ತಮ್ಮ ಹೇಳುತ್ತಾನೆ. ಮಗನಿಗೆ ಕರೆಂಟ್ ಬಿಲ್ಲಿನ, ಟಿವಿ-ಫ್ರಿಜ್ಜಿನ ಚಿಂತೆ. ಹೆಂಡತಿಗೆ ನನ್ನ ಕಣ್ಣಿನ ಚಿಂತೆ. ಜಿಐ ಪೈಪ್ ವೆಲ್ಡ್ ಮಾಡುವಾಗ ಹಾಲು ಕುಡಿದರೆ ಸಾಕು ಅಂತ ಪಕ್ಕದ ಮನೆಯವರು. ಯಾವ ಮೆಷಿನ್ ತಗೊಳ್ಳಲಿ? ತಗೊಳ್ಳಲೇಬೇಕಾ?"

ಉತ್ತರ:

ಮೂರು ವಾರ ಕಾಯಿಸಿದವರ ಪೈಕಿ ನಾನೂ ಒಬ್ಬ, ಮಾರಾಯ್ರೆ. ಮೂವತ್ತು ವರ್ಷ ಈ ಕೆಲಸ ಮಾಡಿದ್ದೇನೆ. ಒಂದು ಬಿಜಾಗರಿಗಾಗಿ ಮೆಷಿನ್, ಕೇಬಲ್, ಹುಡುಗ ಎಲ್ಲವನ್ನೂ ರಿಕ್ಷಾಕ್ಕೆ ಹಾಕಿಕೊಂಡು ಬಂದರೆ ಅರ್ಧ ದಿನ ಹೋಗುತ್ತದೆ. ಅರ್ಧ ದಿನದ ಕೂಲಿ ಕೇಳಿದರೆ ನೀವು ಬೈಯುತ್ತೀರಿ. ಹಾಗಾಗಿ "ನಾಳೆ". ನಿಮ್ಮಂಥವರು ಸಣ್ಣ ಮೆಷಿನ್ ಇಟ್ಟುಕೊಂಡರೆ ನಮಗೆ ಬೇಜಾರಿಲ್ಲ. ಆದರೆ ನೀವು ನೋಡುತ್ತಿರುವ ಆ 250 ಆಂಪಿಯರ್ ಬೇಡ. ಅದು ನಿಮಗೆ ಜಾಸ್ತಿ ಆಗುತ್ತದೆ ಅಂತ ಹೇಳುತ್ತಿಲ್ಲ. ಅಷ್ಟು ಕರೆಂಟ್ ನಿಮ್ಮ ಮನೆಗೆ ಬರುವುದೇ ಇಲ್ಲ.

ಲೆಕ್ಕ ಮಾಡೋಣ. ಮನೆಯ ದೊಡ್ಡ ಪ್ಲಗ್ಗು, ಗೀಸರ್ ಸಿಗಿಸುವಂಥದ್ದು, 16 ಆಂಪಿಯರ್‌ನದು. 230 ವೋಲ್ಟಿನಿಂದ ಗುಣಿಸಿದರೆ 3,680 ವಾಟ್. ಅದರಿಂದ ತೆಗೆಯಬಹುದಾದದ್ದು ಅಷ್ಟೇ. ಇನ್ನು ವೆಲ್ಡಿಂಗ್ ಕಡೆ ನೋಡಿ. 250 ಆಂಪಿಯರ್‌ನಲ್ಲಿ ರಾಡ್ (ಕರಗಿ ಬೆಸುಗೆಯಾಗುವ ಕಡ್ಡಿ) ಉರಿಯಬೇಕಾದರೆ ಅದರ ತುದಿಯಲ್ಲಿ ಸುಮಾರು 30 ವೋಲ್ಟ್ ಇರಬೇಕು. ಅಂದರೆ 7,500 ವಾಟ್. ಮೆಷಿನ್ನಿನೊಳಗಿನ ನಷ್ಟವನ್ನು ಬಿಟ್ಟರೂ ನಿಮ್ಮ ಪ್ಲಗ್ಗಿನ ಎರಡು ಪಟ್ಟು ಆಯಿತು. ಇಂಥ ಅಗ್ಗದ ಮೆಷಿನ್ನುಗಳಲ್ಲಿ ಎಷ್ಟೋ ಸಲ 250 ಅನ್ನುವುದು ಮಾದರಿಯ ಹೆಸರು ಮಾತ್ರ. ಹೊರಗೆ ಬರುವ ಕರೆಂಟ್ ಬೇರೆ. ಡಬ್ಬಿಯ ಮೇಲಿನ ದೊಡ್ಡ ಅಕ್ಷರ ಓದಬೇಡಿ. ಮೆಷಿನ್ನಿನ ಹಿಂದೆ ಅಥವಾ ಕೆಳಗೆ ಅಂಟಿಸಿದ ಸಣ್ಣ ಪಟ್ಟಿ ಓದಿ.

ನಿಮ್ಮ ಕೆಲಸಕ್ಕೆ ಎಷ್ಟು ಬೇಕು? ಗೇಟು, ಗ್ರಿಲ್, ಕೈಗಾಡಿ ಎಲ್ಲ ಒಂದೂವರೆಯಿಂದ ಐದು ಮಿಲಿಮೀಟರ್ ಒಳಗಿನ ಕಬ್ಬಿಣ. ಇದಕ್ಕೆ 2.5 ಮಿ.ಮೀ. ರಾಡ್ ಸಾಕು. ನಾವು 12 ಗೇಜ್ ಅನ್ನುವುದು ಇದನ್ನೇ. ಅದು ಓಡುವುದು 60ರಿಂದ 90 ಆಂಪಿಯರ್‌ನಲ್ಲಿ. 80ಕ್ಕೆ ಇಟ್ಟರೆ ರಾಡ್ ತುದಿಯಲ್ಲಿ ಸುಮಾರು 1,850 ವಾಟ್, ನಷ್ಟ ಸೇರಿ ಗೋಡೆಯಿಂದ 2,200-2,300 ವಾಟ್. ಸಣ್ಣ ಇನ್ವರ್ಟರ್ ಮೆಷಿನ್ನುಗಳ ಪವರ್ ಫ್ಯಾಕ್ಟರ್ ಕಡಿಮೆ ಇರುವುದರಿಂದ ಅವು ವಾಟಿನ ಲೆಕ್ಕಕ್ಕಿಂತ ಹೆಚ್ಚು ಕರೆಂಟ್ ಎಳೆಯುತ್ತವೆ. 13-14 ಆಂಪಿಯರ್ ಅಂತ ಇಟ್ಟುಕೊಳ್ಳಿ. ಪ್ಲಗ್ಗಿನ ಮಿತಿಯೊಳಗೆ ಬಂತು, ಆದರೆ ತುಂಬಾ ಜಾಗ ಉಳಿದಿಲ್ಲ. ಅದಕ್ಕಿಂತ ದಪ್ಪದ 3.15 ಮಿ.ಮೀ. ರಾಡಿಗೆ ಹೋದರೆ 100-110 ಆಂಪಿಯರ್ ಬೇಕು. ಆಗ ಎಂಸಿಬಿ, ಅಂದರೆ ಕರೆಂಟ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್ಚು, ಟ್ರಿಪ್ ಆಗುತ್ತದೆ, ಇಲ್ಲವೇ ಪ್ಲಗ್ಗು ಬಿಸಿಯಾಗಿ ಕರಗುತ್ತದೆ. ಎರಡನೆಯದು ಅಪಾಯ. ಟ್ರಿಪ್ ಆಗುವ ಎಂಸಿಬಿ ನಿಮ್ಮ ಸ್ನೇಹಿತ. ಅದನ್ನು ತೆಗೆದು ದೊಡ್ಡದು ಹಾಕುವ ಉಪಾಯವನ್ನು ಯಾರು ಹೇಳಿದರೂ ಕೇಳಬೇಡಿ. ಗೋಡೆಯೊಳಗಿನ ವೈರು ಅದೇ ಹಳೆಯದು, ಅಲ್ವಾ?

ಹಾಗಾಗಿ ನನ್ನ ಸಲಹೆ ಇದು. ನಿಜವಾಗಿ 140ರಿಂದ 160 ಆಂಪಿಯರ್ ಕೊಡುವ, ಸಿಂಗಲ್ ಫೇಸಿನ, ರಾಡಿನ ಇನ್ವರ್ಟರ್ ಮೆಷಿನ್. ಪೂರ್ತಿ ತಿರುಗಿಸಲಿಕ್ಕಲ್ಲ, 80ರ ಆಸುಪಾಸಿನಲ್ಲಿ ಆರಾಮಾಗಿ ಓಡಿಸಲಿಕ್ಕೆ. ನಾಲ್ಕೈದು ಕಿಲೋ ತೂಕ ಇರುತ್ತದೆ, ಹೆಗಲಿಗೆ ಹಾಕಿಕೊಂಡು ಗೇಟಿನ ಹತ್ತಿರ ಹೋಗಬಹುದು. ಪಟ್ಟಿಯಲ್ಲಿ ಎರಡು ಸಂಗತಿ ನೋಡಿ. ಒಂದು, ಎಕ್ಸ್ ಅಂತ ಬರೆದ ಶೇಕಡಾ. ಅದು ಡ್ಯೂಟಿ ಸೈಕಲ್. 60% ಅಂದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಆ ಕರೆಂಟಿನಲ್ಲಿ ಓಡಬಹುದು, ನಾಲ್ಕು ನಿಮಿಷ ತಣ್ಣಗಾಗಬೇಕು. ಇದನ್ನು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದದ್ದಾ ಅಂತ ಕೇಳಿ. ಕೆಲವರು ತಂಪಿನಲ್ಲಿ ಅಳೆದು ದೊಡ್ಡ ಸಂಖ್ಯೆ ಹಾಕುತ್ತಾರೆ. ನಮ್ಮ ಏಪ್ರಿಲ್ ತಿಂಗಳಿಗೆ ಅದು ನಡೆಯುವುದಿಲ್ಲ. ಇನ್ನೊಂದು, ಐ-ಒನ್ ಮ್ಯಾಕ್ಸ್. ಪೂರ್ತಿ ತಿರುಗಿಸಿದರೆ ಗೋಡೆಯಿಂದ ಎಷ್ಟು ಆಂಪಿಯರ್ ಎಳೆಯುತ್ತದೆ ಅನ್ನುವುದು. ಪಟ್ಟಿಯಲ್ಲಿ ಇದೆರಡೂ ಇಲ್ಲದ ಮೆಷಿನ್ ಎಷ್ಟೇ ಅಗ್ಗವಾದರೂ ನಾನು ಮುಟ್ಟುವುದಿಲ್ಲ. ಹಾಟ್ ಸ್ಟಾರ್ಟ್ (ಕಿಡಿ ಹಚ್ಚುವಾಗ ಕರೆಂಟ್ ಏರಿಸುವುದು), ಆಂಟಿ ಸ್ಟಿಕ್ (ರಾಡ್ ಅಂಟಿದರೆ ಕರೆಂಟ್ ಇಳಿಸುವುದು) ಅಂತ ಇದ್ದರೆ ಹೊಸಬರಿಗೆ ನಿಜವಾಗಿ ಉಪಕಾರ. ಮೊದಲ ವಾರ ನಿಮ್ಮ ರಾಡು ಕಬ್ಬಿಣಕ್ಕೆ ಅಂಟಿಕೊಳ್ಳುವುದು ಗ್ಯಾರಂಟಿ. ನಿಮ್ಮ ಊರಿಗೆ ಹತ್ತಿರದಲ್ಲಿ, ಉಡುಪಿಯಲ್ಲೋ ಮಂಗಳೂರಿನಲ್ಲೋ, ರಿಪೇರಿ ಮಾಡುವವರು ಇರುವ ಕಂಪನಿಯದ್ದೇ ತಗೊಳ್ಳಿ. ಎರಡು-ಮೂರು ಸಾವಿರ ಜಾಸ್ತಿ ಹೋದರೂ ಪರವಾಗಿಲ್ಲ.

ಇಲ್ಲಿ ಒಂದು ಮಾತು. "ಇನ್ವರ್ಟರ್" ಅನ್ನುವ ಹೆಸರು ಕೇಳಿ ಮೋಸ ಹೋಗಬೇಡಿ. ಕರೆಂಟ್ ಹೋದಾಗ ಫ್ಯಾನ್ ತಿರುಗಿಸುವ ಬ್ಯಾಟರಿ ಇನ್ವರ್ಟರ್ ಬೇರೆ, ಗೋಡೆಯ ಕರೆಂಟನ್ನು ವೆಲ್ಡಿಂಗಿಗೆ ತಕ್ಕಂತೆ ಬದಲಿಸುವ ಇದು ಬೇರೆ. ನನಗೆ ಗೊತ್ತಿರುವವರೊಬ್ಬರು "ಇನ್ವರ್ಟರಿಗೆ ಇನ್ವರ್ಟರ್ ಸರಿ ಹೋಗ್ತದಲ್ಲ" ಅಂತ ಮನೆಯ ಬ್ಯಾಟರಿ ಲೈನಿಗೇ ಸಿಗಿಸಿದರು. ಒಂದೇ ಕಿಡಿ ಬಂತು. ಆಮೇಲೆ ಒಂದು ವಾರ ಮನೆಯಲ್ಲಿ ಸೀಮೆಎಣ್ಣೆ ದೀಪ.

ಮಗನ ಚಿಂತೆಗೆ ಉತ್ತರ. 2.5ರ ಒಂದು ರಾಡ್ ಉರಿದು ಮುಗಿಯಲು ಸುಮಾರು ಒಂದು ನಿಮಿಷ. 2,300 ವಾಟಿನ ಲೆಕ್ಕದಲ್ಲಿ ಇಪ್ಪತ್ತೈದು ರಾಡ್ ಸುಟ್ಟರೆ ಒಂದು ಯೂನಿಟ್ಟಿನ ಆಸುಪಾಸು. ಭಾನುವಾರವಿಡೀ ಕೂತರೂ ಬಿಲ್ಲಿನಲ್ಲಿ ಕಾಣಿಸುವುದಿಲ್ಲ. ಟಿವಿ ಸುಟ್ಟುಹೋಗುತ್ತದೆ ಅನ್ನುವುದು ಹಳೆಯ ಕಾಲದ ಭಯ. ಎಣ್ಣೆ ತುಂಬಿದ, ನಾಲ್ಕು ಜನ ಎತ್ತಬೇಕಾದ ಟ್ರಾನ್ಸ್‌ಫಾರ್ಮರ್ ಮೆಷಿನ್ ಶುರುವಾದರೆ ಅಕ್ಕಪಕ್ಕದ ನಾಲ್ಕು ಮನೆಯ ಬಲ್ಬು ಮಂಕಾಗುತ್ತಿತ್ತು. ಸಣ್ಣ ಇನ್ವರ್ಟರ್ ಅಷ್ಟು ಎಳೆಯುವುದಿಲ್ಲ. ಆದರೂ ನಿಮ್ಮ ಮನೆ ಮೆಸ್ಕಾಂ ಟ್ರಾನ್ಸ್‌ಫಾರ್ಮರಿನಿಂದ ದೂರ ಇದ್ದರೆ ದೀಪ ಮಿಣುಕುತ್ತದೆ. ಆ ಹೊತ್ತಿಗೆ ಫ್ರಿಜ್ ಆಫ್ ಮಾಡಿ, ಟಿವಿಯ ಪ್ಲಗ್ ತೆಗೆದಿಡಿ. ಗೀಸರ್, ಪಂಪು, ಮೆಷಿನ್ ಮೂರೂ ಒಟ್ಟಿಗೆ ಬೇಡ. ತೋಟದ ಪಂಪ್‌ಸೆಟ್ಟಿನ ಲೈನ್ ಹತ್ತಿರ ಉಂಟು ಅಂತ ಅದಕ್ಕೆ ಸಿಗಿಸುವ ಆಸೆಯೂ ಬೇಡ. ಆ ಕನೆಕ್ಷನ್ ನೀರಿಗೆ ಅಂತ ಕೊಟ್ಟದ್ದು.

ನಿಜವಾದ ತೊಂದರೆ ಇರುವುದು ಎಕ್ಸ್‌ಟೆನ್ಶನ್ ವೈರಿನಲ್ಲಿ. ಗೇಟು ಇರುವುದು ಅಂಗಳದ ಆಚೆ, ಪ್ಲಗ್ಗು ಅಡುಗೆಮನೆಯಲ್ಲಿ. ಮಿಕ್ಸಿಗೆ ಬಳಸುವ ತೆಳು ವೈರಿನಲ್ಲಿ ಎಳೆದರೆ ವೋಲ್ಟೇಜ್ ಬಿದ್ದು ರಾಡ್ ಅಂಟುತ್ತದೆ, ವೈರು ಬೇಯುತ್ತದೆ. 2.5 ಚದರ ಮಿ.ಮೀ.ಗಿಂತ ಕಡಿಮೆಯಲ್ಲದ ತಾಮ್ರದ ಮೂರು ಎಳೆಯ ಕೇಬಲ್ ಬೇಕು. ಸುರುಳಿ ಪೂರ್ತಿ ಬಿಚ್ಚಿಯೇ ಬಳಸಬೇಕು, ಇಲ್ಲದಿದ್ದರೆ ಮಧ್ಯದಲ್ಲಿ ಶಾಖ ಸೇರುತ್ತದೆ. ಇನ್ನೂ ಒಳ್ಳೆಯದೆಂದರೆ, ಎಲೆಕ್ಟ್ರಿಷಿಯನ್ನನ್ನು ಕರೆಸಿ ಹೊರಗಿನ ಜಗಲಿಗೆ 4 ಚದರ ಮಿ.ಮೀ. ವೈರಿನಲ್ಲಿ ಪ್ರತ್ಯೇಕ ಪಾಯಿಂಟ್ ಹಾಕಿಸಿ. ಮನೆಯ ಅರ್ಥಿಂಗ್ ಸರಿ ಉಂಟಾ, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಆಫ್ ಮಾಡುವ ಸ್ವಿಚ್ಚು) ಉಂಟಾ ಅಂತ ಅವರ ಹತ್ತಿರವೇ ನೋಡಿಸಿ. ಹಳೆಯ ಹಂಚಿನ ಮನೆಗಳಲ್ಲಿ ಅರ್ಥಿಂಗ್ ಅನ್ನುವುದು ಗೋಡೆಯವರೆಗೆ ಮಾತ್ರ ಇರುತ್ತದೆ.

ತಮ್ಮನವರ ಮಿಗ್ ಬಗ್ಗೆ. ಅವರು ಹೇಳುವುದು ಸುಳ್ಳಲ್ಲ. ಗ್ಯಾಸ್ ಬೇಡದ ಮಿಗ್ಗಿನಲ್ಲಿ ತಂತಿಯ ಹೊಟ್ಟೆಯೊಳಗೇ ಫ್ಲಕ್ಸ್, ಅಂದರೆ ಕರಗಿದ ಕಬ್ಬಿಣವನ್ನು ಗಾಳಿಯಿಂದ ಕಾಯುವ ಪುಡಿ, ಇರುತ್ತದೆ. ತೆಳು ತಗಡಿಗೆ ರಾಡಿಗಿಂತ ಅದು ಸುಲಭ, ಕಲಿಯುವುದೂ ಬೇಗ. ತಂತಿಯ ಕಡೆ ನೆಗೆಟಿವ್ ಬರುವಂತೆ ಕನೆಕ್ಷನ್ ಬದಲಿಸಲು ಆಗುವ ಮೆಷಿನ್ ಇರಬೇಕು, ಅದನ್ನು ಮರೆತು ಎಷ್ಟೋ ಜನ "ಬರೀ ಸಿಡಿಯುತ್ತದೆ" ಅಂತ ಬೈಯುತ್ತಾರೆ. ಆದರೆ ನೀವು ಕೆಲಸ ಮಾಡುವುದು ವರ್ಷಕ್ಕೆ ನಾಲ್ಕು ಸಲ. ತಂತಿಯ ಉರುಳೆ ಮೆಷಿನ್ನಿನೊಳಗೇ ಕೂತಿರುತ್ತದೆ. ವರ್ಷಕ್ಕೆ 4,000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರು ನಮ್ಮದು. ಆಟಿ ತಿಂಗಳು ಕಳೆದು ತೆರೆದು ನೋಡಿದರೆ ಉರುಳೆ ಕೆಂಪಾಗಿರುತ್ತದೆ, ಆ ತುಕ್ಕು ಪೈಪಿನೊಳಗೆ ಹೋಗಿ ತಂತಿ ಸಿಕ್ಕಿಕೊಳ್ಳುತ್ತದೆ. ಗ್ಯಾಸಿನ ಮಿಗ್ ಆದರೆ ಸಿಲಿಂಡರ್ ತರಬೇಕು, ಮತ್ತೆ ಅಂಗಳದಲ್ಲಿ ಕಡಲಗಾಳಿಗೆ ಗ್ಯಾಸ್ ಹಾರಿಹೋಗುತ್ತದೆ. ಗ್ಯಾರೇಜಿನ ನಾಲ್ಕು ಗೋಡೆಯ ಮಧ್ಯೆ ದಿನಾ ಬಾಡಿ ಕೆಲಸ ಮಾಡುವವರಿಗೆ ಮಿಗ್. ನಿಮಗೆ ರಾಡ್.

ರಾಡಿಗೂ ತೇವ ಆಗಿಬರುವುದಿಲ್ಲ. ಹಸಿ ರಾಡ್ ಪಟಪಟ ಸಿಡಿಯುತ್ತದೆ, ಬೆಸುಗೆಯಲ್ಲಿ ಸೂಜಿ ತೂತು ಬೀಳುತ್ತದೆ. 6013 ಅಂತ ಬರೆದದ್ದನ್ನೇ ಕೇಳಿ ತನ್ನಿ, ಅಡಾರ್, ಇಸಾಬ್ ಥರದ ಗೊತ್ತಿರುವ ಹೆಸರಿನದ್ದು. ಪೊಟ್ಟಣ ಒಡೆದ ಮೇಲೆ ಹಲಸಿನ ಹಪ್ಪಳ ಹೇಗೆ ಇಡುತ್ತೀರೋ ಹಾಗೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ. ತೇವ ಹಿಡಿದರೆ 100-110 ಡಿಗ್ರಿಯಲ್ಲಿ ಒಂದು ಗಂಟೆ ಬಿಸಿ ಮಾಡಬೇಕು. ಅಡುಗೆಯ ಓವನ್ನಿನಲ್ಲಿ ಬೇಡ. 7018 ಗಟ್ಟಿ ರಾಡ್ ಅಂತ ಅಂಗಡಿಯವರು ಕೊಡಬಹುದು. ಅದಕ್ಕೆ 300 ಡಿಗ್ರಿ ಮೇಲೆ ಸುಡುವ ಒಲೆ ಬೇಕು, ಮನೆಯವರಿಗಲ್ಲ.

ಈಗ ಕಣ್ಣು. ನಿಮ್ಮ ಮನೆಯವರ ಭಯ ನೂರಕ್ಕೆ ನೂರು ಸರಿ. ಆ ಬೆಳಕಿನಲ್ಲಿರುವ ಅತಿನೇರಳೆ ಕಿರಣ ಕಣ್ಣಿನ ಹೊರಪದರವನ್ನು ಸುಡುತ್ತದೆ. ಮೋಸ ಏನೆಂದರೆ ಆಗ ಏನೂ ಗೊತ್ತಾಗುವುದಿಲ್ಲ. ಆರೇಳು ಗಂಟೆ ಕಳೆದು, ಊಟ ಮಾಡಿ ಮಲಗಿದ ಮೇಲೆ, ಕಣ್ಣಿಗೆ ಮರಳು ಎರಚಿದ ಹಾಗಾಗುತ್ತದೆ. ಹತ್ತೊಂಬತ್ತನೇ ವಯಸ್ಸಿನಲ್ಲಿ ನನಗೆ ಆಗಿತ್ತು. "ಟ್ಯಾಕ್ (ಚುಕ್ಕೆಯಂಥ ಸಣ್ಣ ಬೆಸುಗೆ) ಹಾಕುವುದಕ್ಕೆ ಶೀಲ್ಡ್ ಯಾಕೆ, ಕಣ್ಣು ಮುಚ್ಚಿದರೆ ಆಯಿತು" ಅಂತ ಇಡೀ ದಿನ ಮಾಡಿದ್ದೆ. ರಾತ್ರಿಯಿಡೀ ಕೂತು ಅತ್ತೆ. ಅಮ್ಮ ಬಟಾಟೆ ಹಚ್ಚಿಟ್ಟರು. ತಂಪಾಯಿತು, ಗುಣವಾಗಲಿಲ್ಲ. ಅದು ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ತಾನಾಗಿ ಮಾಯುತ್ತದೆ, ಆದರೂ ಕಣ್ಣಿನ ಡಾಕ್ಟರಿಗೆ ತೋರಿಸಬೇಕು. ಯಾರೋ ಕೊಟ್ಟ ಮರಗಟ್ಟಿಸುವ ಹನಿ ಹಾಕಿಕೊಳ್ಳಬಾರದು, ಅದರಿಂದ ಗಾಯ ಮಾಯುವುದು ನಿಧಾನ. ಕೂಲಿಂಗ್ ಗ್ಲಾಸ್ ಏನೇನೂ ಸಾಲದು.

ಫ್ರೀ ಬರುವ ಕೈಶೀಲ್ಡಿನ ಗಾಜು 10 ಅಥವಾ 11 ನಂಬರಿನದ್ದಾದರೆ ಕಣ್ಣಿಗೆ ತೊಂದರೆ ಇಲ್ಲ. ಆದರೆ ಒಂದು ಕೈ ಅದಕ್ಕೇ ಹೋಗುತ್ತದೆ, ಕತ್ತಲೆಯಲ್ಲಿ ರಾಡ್ ಎಲ್ಲಿ ತಾಗುತ್ತದೆ ಅಂತ ಕಾಣುವುದಿಲ್ಲ. ಹೊಸಬರು ಶೀಲ್ಡ್ ಇಣುಕಿ ನೋಡುವುದು ಇದಕ್ಕೇ. ಕಿಡಿ ಬಂದ ಕೂಡಲೇ ತಾನೇ ಕಪ್ಪಾಗುವ ಹೆಲ್ಮೆಟ್ ತಗೊಳ್ಳಿ. "ಬ್ಯಾಟರಿ ಸತ್ತರೆ ಕಣ್ಣು ಹೋಗುತ್ತದೆ" ಅನ್ನುತ್ತಾರೆ. ಹಾಗಲ್ಲ. ಒಳ್ಳೆಯ ಹೆಲ್ಮೆಟ್ಟಿನ ಗಾಜು ಕಪ್ಪಾಗದೆ ಇದ್ದಾಗಲೂ ಅತಿನೇರಳೆ ಕಿರಣವನ್ನು ತಡೆಯುತ್ತದೆ. ಬೆಳಕು ಕುಕ್ಕುತ್ತದೆ, ನೀವು ನಿಲ್ಲಿಸುತ್ತೀರಿ, ಅಷ್ಟೆ. 250 ಆಂಪಿಯರಿನ ಆಸೆ ಬಿಟ್ಟು ಉಳಿದ ಗಮನವನ್ನೂ ಹಣವನ್ನೂ ಇದಕ್ಕೆ ಹಾಕಿ. ಮೊಮ್ಮಕ್ಕಳು ರಜೆಗೆ ಬಂದಿದ್ದರೆ ಆ ದಿನ ಮೆಷಿನ್ ತೆಗೆಯಬೇಡಿ. ಬಿಳಿ ಸುಣ್ಣದ ಗೋಡೆಯಿಂದ ತಿರುಗಿ ಬರುವ ಬೆಳಕೂ ಸುಡುತ್ತದೆ.

ಬಟ್ಟೆಯ ವಿಷಯ ಬೇಗ ಮುಗಿಸುತ್ತೇನೆ: ಹತ್ತಿಯ ತುಂಬುತೋಳಿನ ಅಂಗಿ, ಪ್ಯಾಂಟು, ಚರ್ಮದ ಗ್ಲೌಸ್, ರಬ್ಬರ್ ತಳದ ಮುಚ್ಚಿದ ಶೂ. ಲುಂಗಿ, ಬೈರಾಸು, ಹವಾಯಿ ಚಪ್ಪಲಿ ಯಾವುದೂ ಇಲ್ಲ. ನಮ್ಮ ಕಡೆಯ ಬೆವರು ಗೊತ್ತಲ್ಲ, ಗ್ಲೌಸ್ ಒದ್ದೆಯಾದರೆ ಬದಲಿಸಿ. ರಾಡ್ ಸುಮ್ನೆ ಹಿಡಿದಿರುವಾಗಲೂ ಅದರಲ್ಲಿ 60-80 ವೋಲ್ಟ್ ಇರುತ್ತದೆ. ಒಣ ಮೈಗೆ ಚುರ್ ಅನ್ನುತ್ತದೆ. ಒದ್ದೆ ಅಂಗಳದಲ್ಲಿ, ಬೆವರಿದ ಮೈಗೆ ಅದೇ ಜೀವ ತೆಗೆಯಬಹುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲಿನಲ್ಲಿ ವೆಲ್ಡಿಂಗ್ ಇಲ್ಲ ಅಂತಲೇ ಇಟ್ಟುಕೊಳ್ಳಿ. ಬೇಸಿಗೆಯಲ್ಲಿ ಬೇರೆ ಅಪಾಯ. ಒಣ ಮಡಲು, ಬೈಹುಲ್ಲು, ಅಡಿಕೆ ಸಿಪ್ಪೆಯ ರಾಶಿಗೆ ಕಿಡಿ ಹಾರಿದರೆ ಒಳಗೊಳಗೇ ಹೊಗೆಯಾಡಿ ಅರ್ಧ ಗಂಟೆ ಬಿಟ್ಟು ಹೊತ್ತಿಕೊಳ್ಳುತ್ತದೆ. ಒಂದು ಕೊಡಪಾನ ನೀರು ಹತ್ತಿರ ಇರಲಿ, ಕೆಲಸ ಮುಗಿದ ಮೇಲೆ ಅಲ್ಲೇ ಕೂತು ಚಾ ಕುಡಿಯಿರಿ.

ಹಾಲಿನ ಕತೆ ನಮ್ಮ ವೆಲ್ಡರುಗಳಲ್ಲೂ ಉಂಟು, ಕೆಲವರು ಬೆಲ್ಲ ತಿನ್ನುತ್ತಾರೆ. ಜಿಐ ಪೈಪಿನ ಮೇಲಿರುವುದು ಸತು. ಬಿಸಿಗೆ ಅದು ಬಿಳಿ ಹೊಗೆಯಾಗಿ ಶ್ವಾಸಕೋಶಕ್ಕೆ ಹೋಗುತ್ತದೆ. ಸಂಜೆಗೆ ಚಳಿ ಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ. ಒಂದೆರಡು ದಿನದಲ್ಲಿ ಇಳಿಯುತ್ತದೆ, ಮಲೇರಿಯಾ ಅಂತ ರಕ್ತ ಪರೀಕ್ಷೆ ಮಾಡಿಸಿಕೊಂಡವರನ್ನೂ ನೋಡಿದ್ದೇನೆ. ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋದದ್ದು ಎದೆಗೆ. ಕುಡಿಯಿರಿ, ಹಾಲು ಒಳ್ಳೆಯದೇ. ಆದರೆ ಮೊದಲು ಬೆಸುಗೆ ಬೀಳುವ ಜಾಗದ ಸತುವನ್ನು ಮಾಸ್ಕ್ ಹಾಕಿಕೊಂಡು ಗ್ರೈಂಡರಿನಿಂದ ಉಜ್ಜಿ ತೆಗೆಯಿರಿ. ಬಯಲಿನಲ್ಲಿ, ಗಾಳಿ ಬೆನ್ನ ಹಿಂದಿನಿಂದಲ್ಲ, ಪಕ್ಕದಿಂದ ಬರುವಂತೆ ಕೂತುಕೊಳ್ಳಿ. ಉಸಿರು ಕಟ್ಟಿದರೆ ಕಾಯದೆ ಆಸ್ಪತ್ರೆಗೆ ಹೋಗಿ. ನೀರಿನ ಜಿಐ ಪೈಪ್ ಸೋರುತ್ತಿದ್ದರೆ ಅದಕ್ಕೆ ವೆಲ್ಡಿಂಗೇ ಬೇಡ, ತುಂಡು ಕತ್ತರಿಸಿ ಥ್ರೆಡ್ ಹಾಕಿಸಿ ಜೋಡಿಸಿ.

ಇನ್ನು ನಿಮ್ಮ ಪಟ್ಟಿಗೆ ಬರುತ್ತೇನೆ. ಕಡಲಬದಿಯವರು ಕಬ್ಬಿಣ ಮುರಿದರೆ ವೆಲ್ಡಿಂಗ್ ಅಂತ ಯೋಚಿಸುತ್ತಾರೆ. ಮುರಿದದ್ದು ಯಾಕೆ ಅಂತ ನೋಡುವುದಿಲ್ಲ. ಉಪ್ಪುಗಾಳಿ ಕೂತು ಒಳಗಿನಿಂದ ತಿಂದಿರುತ್ತದೆ. ಸ್ಕ್ವೇರ್ ಪೈಪಿನ ಗ್ರಿಲ್ ಆದರೆ ಪೇಂಟ್ ಚೆನ್ನಾಗಿ ಕಾಣುತ್ತದೆ, ಒಳಗೆ ಪೈಪು ಕಾಗದ. 16 ಗೇಜ್ ಅಂದರೆ ಹೊಸತರಲ್ಲೇ 1.6 ಮಿ.ಮೀ. ಅದರಲ್ಲಿ ಅರ್ಧ ಹೋದ ಮೇಲೆ ರಾಡ್ ತಾಗಿಸಿದರೆ ತೂತು ದೊಡ್ಡದಾಗುತ್ತದೆ, ಆ ತೂತು ಮುಚ್ಚಲು ಹೋದರೆ ಇನ್ನೂ ದೊಡ್ಡದು. ಸ್ಕ್ರೂಡ್ರೈವರಿನಿಂದ ಬುಡವನ್ನು ಚುಚ್ಚಿ ನೋಡಿ, ಸುತ್ತಿಗೆಯಿಂದ ತಟ್ಟಿ ನೋಡಿ. ಟಣ್ ಅಂದರೆ ಕಬ್ಬಿಣ ಉಂಟು. ಡಬ್ ಅಂದರೆ ಇಲ್ಲ. ಗಟ್ಟಿ ಇರುವವರೆಗೆ ಮೇಲಕ್ಕೆ ಹೋಗಿ ಅಲ್ಲಿ ಕತ್ತರಿಸಿ, ಹೊಸ ತುಂಡು ಜೋಡಿಸಿ. ಗ್ರಿಲ್ಲಿನ ಕೆಳಸಾಲು ಪೂರ್ತಿ ಹೋಗಿದ್ದರೆ ಹೊಸ ಗ್ರಿಲ್ಲೇ ಮಾಡಿಸಿ. ಅದನ್ನು ಉಳಿಸಲು ಹೋಗಿ ನೀವು ವೆಲ್ಡಿಂಗನ್ನೇ ದ್ವೇಷಿಸುತ್ತೀರಿ.

ಗೇಟಿನ ಬಿಜಾಗರಿಯನ್ನು ನೀವೇ ಮಾಡಬಹುದು. ಗೇಟನ್ನು ಕಲ್ಲು ಕೊಟ್ಟು ಸರಿಯಾದ ಎತ್ತರಕ್ಕೆ ನಿಲ್ಲಿಸಿ, ಪೇಂಟು-ತುಕ್ಕು ಹೊಳೆಯುವವರೆಗೆ ಉಜ್ಜಿ, ನಾಲ್ಕು ಕಡೆ ಟ್ಯಾಕ್ ಹಾಕಿ, ಒಮ್ಮೆ ತೆರೆದು ಮುಚ್ಚಿ ನೋಡಿ, ಆಮೇಲೆ ಪೂರ್ತಿ ಓಡಿಸಿ. ಮೆಷಿನ್ನಿನ ಎರಡನೇ ಕೇಬಲಿನ ಅರ್ಥ್ ಕ್ಲಾಂಪನ್ನು ಕೆಲಸದ ಹತ್ತಿರವೇ ಹೊಳೆಯುವ ಕಬ್ಬಿಣಕ್ಕೆ ಕಚ್ಚಿಸಿ. ಆಮೇಲಿನ ಕೆಲಸವನ್ನೇ ಜನ ಬಿಡುವುದು. ಬೆಸುಗೆಯ ಮೇಲೆ ಕೂತ ಸಿಪ್ಪೆ, ಅಂದರೆ ಸ್ಲ್ಯಾಗ್, ಒಂದು ಚೂರೂ ಇಲ್ಲದಂತೆ ಕುಟ್ಟಿ ತೆಗೆಯಿರಿ, ವೈರ್ ಬ್ರಷ್ ಹಾಕಿ, ಸಿಹಿನೀರಿನಲ್ಲಿ ಉಪ್ಪು ತೊಳೆದು ಒಣಗಿಸಿ, ಅದೇ ದಿನ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ. ಮರುದಿನ ಅಂದರೆ ನಮ್ಮಲ್ಲಿ ಆಗಲೇ ಕೆಂಪು ಬಂದಿರುತ್ತದೆ.

ಬಾವಿಯ ರಾಟೆ ಮುಟ್ಟಬೇಡಿ. ಅದರ ಕೆಳಗೆ ಬಗ್ಗಿ ನಿಲ್ಲುವವರು ನಿಮ್ಮ ಮನೆಯವರು. ಹೊಸಬರ ಬೆಸುಗೆ ಮೇಲೆ ಚೆಂದ ಕಂಡು ಕೆಳಗೆ ಹಿಡಿದಿರುವುದಿಲ್ಲ, ಅದು ಹೊರಗಿನಿಂದ ಗೊತ್ತಾಗುವುದೂ ಇಲ್ಲ. ಚಾವಡಿಯ ಉಯ್ಯಾಲೆ, ಅಂಗಳದ ಶೀಟಿನ ಮಾಡಿನ ಕಂಬ, ಮೆಟ್ಟಿಲು, ಬೈಕಿನ ಚಾಸಿ ಎಲ್ಲದಕ್ಕೂ ಇದೇ ಮಾತು. ಅದಕ್ಕೆ ನಮ್ಮನ್ನು ಕರೆಯಿರಿ, ಮೂರು ವಾರ ಆದರೂ ಕಾಯಿರಿ. ಹಳೆಯ ಡೀಸೆಲ್ ಡ್ರಮ್, ಪೆಟ್ರೋಲ್ ಟ್ಯಾಂಕ್ ತೂತಾಗಿದೆ ಅಂತ ಯಾರಾದರೂ ತಂದರೆ, ತೊಳೆದಿದ್ದೇನೆ ಅಂದರೂ, ಗೇಟಿನಿಂದಲೇ ಕಳಿಸಿ. ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿ ಬಾಂಬಿನ ಹಾಗೆ ಒಡೆಯುತ್ತದೆ.

ತಗೊಳ್ಳಲೇಬೇಕಾ ಅಂತ ಕೇಳಿದ್ದೀರಿ. ಬರೀ ಬಿಜಾಗರಿಗಾಗಿ ಆದರೆ ಬೇಡ. ಮೆಷಿನ್, ಹೆಲ್ಮೆಟ್, ಗ್ಲೌಸ್, ಕೇಬಲ್, ನಾಲ್ಕು ಇಂಚಿನ ಗ್ರೈಂಡರ್ ಎಲ್ಲ ಸೇರಿದರೆ ಮೆಷಿನ್ನಿನ ಬೆಲೆಯ ಎರಡು ಪಟ್ಟಿನ ಹತ್ತಿರ ಬರುತ್ತದೆ. ಕಲಿಯುವ ಹುಚ್ಚು ಇದ್ದರೆ ಮಾತ್ರ ಅದು ದುಡ್ಡಿಗೆ ಸಮ. ನಿಮ್ಮ ಪತ್ರದಲ್ಲಿ ಆ ಹುಚ್ಚು ಕಾಣುತ್ತದೆ. ಗುಜರಿ ಅಂಗಡಿಯಿಂದ ಐದು ಕಿಲೋ ಆಂಗಲ್, ಪಟ್ಟಿ ತುಂಡು ತನ್ನಿ. ಬೆಂಕಿಕಡ್ಡಿ ಗೀರಿದ ಹಾಗೆ ರಾಡ್ ಗೀರಿ, ಒಂದು ಪೊಟ್ಟಣ ಪೂರ್ತಿ ಅದರ ಮೇಲೆ ಸುಡಿ. ಎರಡು ತುಂಡು ಜೋಡಿಸಿ ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆಯಿರಿ. ಬೆಸುಗೆ ಬಿಡುವ ಮೊದಲು ಪಟ್ಟಿ ಬಗ್ಗಿದರೆ ನೀವು ಪಾಸು.

ಆಮೇಲೆ ಮೊದಲು ಕೈಗಾಡಿಯ ಕಾಲು ಮಾಡಿ. ಬೆಸುಗೆ ಬಿಟ್ಟರೆ ಗೊಬ್ಬರ ಚೆಲ್ಲೀತು, ಅಷ್ಟೆ.